ಅತ್ತೆ, 1.09 ಅಂದ್ರೆ 1 ತಾನೇ?

ಶುಕ್ರವಾರ ರಾತ್ರಿ ಹತ್ತೂವರೆಗೆ ಅಣ್ಣನ ಫೋನು. ಆ ಹೊತ್ತಲ್ಲಿ ಊರಿಂದ ಫೋನ್ ಬಂದರೆ ಹೇಗಿರುತ್ತೆ ಅಂತ ನಿಮಗೂ ಗೊತ್ತಲ್ಲ, ಎತ್ತುವ ಮೊದಲೇ ಎದೆ ಡವಡವ.

"ಏನಿಲ್ಲ ಕಣವ್ವ, ಎಲ್ರೂ ಚೆನ್ನಾಗವ್ರೆ. ಮಗೀಗೆ ಕೆಮಿಸ್ಟ್ರೀಲಿ ಹೋಗದೆ. ಪೂರಕ ಪರೀಕ್ಷೆನೂ ಬರೆಯಾಕಿಲ್ಲ ಅಂತ ಕೂತವ್ಳೆ. ಸೈನ್ಸ್ ಬುಟ್ಬುಡ್ತಾಳಂತೆ. ನೀನೊಂದ್ಸಲ ಬಂದು ಮಾತಾಡು."

"ಆಯ್ತು, ನಾಳೆನೇ ಬರ್ತೀನಿ" ಅಂದೆ.

ಫೋನ್ ಇಡುವ ಮೊದಲು ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದ. "ಈ ಸಲದ ಬೆಲ್ಲನೂ ಕೆಟ್ಟೋಯ್ತು ಬುಡು."

ಒಂದೇ ಫೋನಿನಲ್ಲಿ ಎರಡು ಕೆಟ್ಟ ಸುದ್ದಿ. ಎರಡಕ್ಕೂ ಸಂಬಂಧ ಇದೆ ಅಂತ ಆಗ ನನಗೂ ಹೊಳೆದಿರಲಿಲ್ಲ.

ನಮ್ಮೂರು ಸಂತೆಬಾಚಹಳ್ಳಿ ಕಡೆ. ಮಂಡ್ಯ ಜಿಲ್ಲೆ, ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹೋಬಳಿ. ಹೆಸರಲ್ಲೇ ಸಂತೆ ಇದೆ, ತಕ್ಕಡಿ ಇದೆ. ನಾನು ಬೆಂಗಳೂರಿನ ಹೊರವಲಯದ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡೋಳು. ದಿನವಿಡೀ ತೂಗೋದು, ಕರಗಿಸೋದು, ಅಳೆಯೋದು, ಬರೆದಿಡೋದು. ಮನೆಯವರ ಲೆಕ್ಕದಲ್ಲಿ ನಾನು "ಕೆಮಿಸ್ಟ್ರಿಯೋಳು". ಹಾಗಾಗಿ ಕೆಮಿಸ್ಟ್ರಿಯಲ್ಲಿ ಯಾರಿಗೆ ಏನಾದರೂ ಫೋನು ನನಗೇ ಬರುತ್ತೆ.

ಸಾರಿನ ಪುಡಿಯ ಲೆಕ್ಕ

ಮಾರನೇ ದಿನ ಮಧ್ಯಾಹ್ನ ಮನೆ ಸೇರಿದಾಗ ಹುಡುಗಿ ರೂಮಿಂದ ಹೊರಗೇ ಬರಲಿಲ್ಲ. ಅತ್ತಿಗೆ ಮುದ್ದೆ, ಹುರುಳಿಕಾಳು ಸಾರು ಬಡಿಸಿದರು. ಊಟ ಮುಗಿಸಿ ನಾನೇ ಒಳಗೆ ಹೋಗಿ ಪಕ್ಕದಲ್ಲಿ ಕೂತೆ. ಬುದ್ಧಿಮಾತು ಹೇಳಲಿಲ್ಲ. "ಯಾವ ಲೆಕ್ಕದಲ್ಲಿ ಸಿಕ್ಕಾಕ್ಕೊಂಡೆ, ಅದನ್ನ ತೋರಿಸು" ಅಂದೆ.

ಅವಳು ನೋಟ್ಸು ತೆಗೆದಳು. ಮೊದಲ ಪಿಯುಸಿಯ ಮೊದಲ ಪಾಠ. ಎಂಪಿರಿಕಲ್ ಫಾರ್ಮುಲಾ, ಮಾಲಿಕ್ಯುಲರ್ ಫಾರ್ಮುಲಾ. ಒಂದು ವಸ್ತುವಿನಲ್ಲಿ ಯಾವ್ಯಾವ ಧಾತು ಶೇಕಡಾ ಎಷ್ಟಿದೆ ಅಂತ ಕೊಡುತ್ತಾರೆ, ಅದರ ಸೂತ್ರ ಕಂಡುಹಿಡಿಯಬೇಕು. ಸೈನ್ಸ್ ಓದಿದವರಿಗೆಲ್ಲ ಮಸುಕು ಮಸುಕಾಗಿ ನೆನಪಿರಬಹುದು.

ಲೆಕ್ಕ ಹೀಗಿತ್ತು. ಒಂದು ವಸ್ತುವಿನಲ್ಲಿ ಕಾರ್ಬನ್ ಶೇ. 40, ಹೈಡ್ರೋಜನ್ ಶೇ. 6.7, ಆಕ್ಸಿಜನ್ ಶೇ. 53.3. ಅದರ ಮೋಲಾರ್ ತೂಕ 180.

ಅವಳು ಮಾಡಿದ್ದು ಅರ್ಧ ಸರಿಯಾಗೇ ಇತ್ತು. 100 ಗ್ರಾಂ ವಸ್ತು ತಗೊಂಡರೆ ಅದರಲ್ಲಿ 40 ಗ್ರಾಂ ಕಾರ್ಬನ್. ಆದರೆ ಗ್ರಾಂ ಲೆಕ್ಕ ಪರಮಾಣುಗಳ ಲೆಕ್ಕ ಅಲ್ಲ. ಕಾರ್ಬನ್ ಪರಮಾಣುವಿನ ತೂಕ 12, ಹೈಡ್ರೋಜನ್‌ದು 1, ಆಕ್ಸಿಜನ್‌ದು 16. ಆದ್ದರಿಂದ ಒಂದೊಂದನ್ನೂ ಅದರದರ ಪರಮಾಣು ತೂಕದಿಂದ ಭಾಗಿಸಬೇಕು. 40ನ್ನು 12ರಿಂದ ಭಾಗಿಸಿದರೆ 3.33. 6.7ನ್ನು 1ರಿಂದ ಭಾಗಿಸಿದರೆ 6.7. 53.3ನ್ನು 16ರಿಂದ ಭಾಗಿಸಿದರೆ 3.33. ಮೂರರಲ್ಲಿ ಚಿಕ್ಕದಾದ 3.33ರಿಂದ ಎಲ್ಲವನ್ನೂ ಮತ್ತೆ ಭಾಗಿಸಿದರೆ 1, 2.01, 1. ಅಂದರೆ ಒಂದು ಕಾರ್ಬನ್‌ಗೆ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಸಿಎಚ್₂ಒ.

ಇಷ್ಟಕ್ಕೆ ನಿಲ್ಲಿಸಿ ಕೆಳಗೆ ಎರಡು ಗೆರೆ ಎಳೆದಿದ್ದಳು. ಉತ್ತರ ಪತ್ರಿಕೆಯಲ್ಲೂ ಹೀಗೇ ಮಾಡಿದ್ದಳಂತೆ.

"ಇಲ್ಲಿಗೆ ಮುಗೀತು ಅನ್ಸುತ್ತೆ ಅತ್ತೆ. ಆಮೇಲೆ ಆ 180 ಯಾಕ್ ಕೊಟ್ಟವ್ರೆ ಅಂತಾನೇ ಗೊತ್ತಾಯ್ತಿಲ್ಲ."

ನಾನು ಅಡುಗೆಮನೆಯಲ್ಲಿದ್ದ ಅತ್ತಿಗೆಯನ್ನು ಕೂಗಿ ಕೇಳಿದೆ. "ಅತ್ತಿಗೆ, ಸಾರಿನ ಪುಡಿಗೆ ಮೆಣಸಿನಕಾಯಿ ಎಷ್ಟು, ಧನಿಯಾ ಎಷ್ಟು?"

"ಮೆಣಸಿನಕಾಯಿ ಒಂದಾದ್ರೆ ಧನಿಯಾ ಎರಡು. ಯಾಕೆ?"

ಅಷ್ಟೇ. ಎಂಪಿರಿಕಲ್ ಫಾರ್ಮುಲಾ ಅಂದರೆ ಇದೇ, ಒಂದಕ್ಕೆ ಎರಡು ಅನ್ನುವ ಅನುಪಾತ. ಆದರೆ ಈ ಮಾತು ಕೇಳಿ ಅತ್ತಿಗೆ ಮನೆಗೆ ಕಾಲು ಕೆಜಿ ಪುಡಿ ಮಾಡಿದರೋ ಮದುವೆಗೆ ಹತ್ತು ಕೆಜಿ ಮಾಡಿದರೋ ಹೇಳೋಕಾಗುತ್ತಾ? ಆಗಲ್ಲ. ಅದಕ್ಕೆ ಪುಡಿಯನ್ನು ತೂಗಬೇಕು. ಆ ತೂಕವೇ 180.

ಸಿಎಚ್₂ಒ ಅಂದರೆ 12, 2, 16 ಕೂಡಿ 30. ನಮ್ಮ ವಸ್ತುವಿನ ತೂಕ 180. 180ರಲ್ಲಿ 30 ಆರು ಸಲ ಇದೆ. ಹಾಗಾದರೆ ಎಲ್ಲವನ್ನೂ ಆರರಿಂದ ಗುಣಿಸು. ಸಿ₆ಎಚ್₁₂ಒ₆. ಅದು ಮಾಲಿಕ್ಯುಲರ್ ಫಾರ್ಮುಲಾ, ಅಣುಸೂತ್ರ. ಗ್ಲೂಕೋಸಿನ ಸೂತ್ರ ಇದೇ.

"ಅಷ್ಟೇನಾ?" ಅಂದಳು. ಮುಖದಲ್ಲಿ ಸಮಾಧಾನಕ್ಕಿಂತ ಸಿಟ್ಟೇ ಜಾಸ್ತಿ ಇತ್ತು. ಇಷ್ಟು ಸಣ್ಣದಕ್ಕೆ ಅಂಕ ಕಳ್ಕೊಂಡ್ನಲ್ಲ ಅನ್ನೋ ಸಿಟ್ಟು.

ಒಂದೇ ಅನುಪಾತ, ನಾಲ್ಕು ಗುಣ

ಸಣ್ಣದಲ್ಲ ಪುಟ್ಟಿ ಅಂದೆ. 180 ಅನ್ನೋದನ್ನ ಬಿಟ್ಟರೆ ಏನಾಗುತ್ತೆ ನೋಡು.

ಸಿಎಚ್₂ಒ ಅನ್ನುವ ಅನುಪಾತ ಒಬ್ಬರ ಸ್ವತ್ತಲ್ಲ. ತೂಕ 30 ಆದರೆ ಅದು ಫಾರ್ಮಾಲ್ಡಿಹೈಡ್. ಕಾಲೇಜಿನ ಬಯಾಲಜಿ ಲ್ಯಾಬಿನ ಗಾಜಿನ ಭರಣಿಯಲ್ಲಿ ಹಾವು, ಕಪ್ಪೆ ಕೆಡದ ಹಾಗೆ ಇಡುತ್ತಾರಲ್ಲ, ಆ ಫಾರ್ಮಲಿನ್ ಇದರದೇ ದ್ರಾವಣ. ವಿಷ. ತೂಕ 60 ಆದರೆ ಅಸಿಟಿಕ್ ಆಸಿಡ್, ಗೋಬಿ ಮಂಚೂರಿ ಗಾಡಿಯಲ್ಲಿ ಬಾಟಲಿಯಲ್ಲಿಟ್ಟಿರುವ ವಿನೆಗರ್‌ನ ಹುಳಿ. ತೂಕ 90 ಆದರೆ ಲ್ಯಾಕ್ಟಿಕ್ ಆಸಿಡ್, ಮೊಸರಿನ ಹುಳಿ. 180 ಆದರೆ ಗ್ಲೂಕೋಸ್, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಮೈಗೆ ಹತ್ತಿಸುವಂಥದ್ದು.

ನಾಲ್ಕರಲ್ಲೂ ಕಾರ್ಬನ್ ಶೇ. 40. ನಾಲ್ಕರಲ್ಲೂ ಹೈಡ್ರೋಜನ್ ಶೇ. 6.7. ಅನುಪಾತ ನೋಡಿ ಯಾವುದು ಯಾವುದು ಅಂತ ಹೇಳೋಕೆ ಬ್ರಹ್ಮನಿಂದಲೂ ಆಗಲ್ಲ. ಒಂದು ತೂಕ ಬಿಟ್ಟುಹೋದರೆ ಮೊಸರಿಗೂ ಫಾರ್ಮಲಿನ್‌ಗೂ ವ್ಯತ್ಯಾಸವೇ ಉಳಿಯಲ್ಲ.

"ಹಂಗಾದ್ರೆ ತೂಕ ಒಂದನ್ನೇ ಮೊದಲೇ ಕಂಡುಹಿಡೀಬಾರ್ದಾ? ಈ ಅನುಪಾತ ಯಾಕೆ?"

ಒಳ್ಳೆ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಹಿಂದಿನವರು ಈ ಶೇಕಡಾ ಲೆಕ್ಕ ಹೇಗೆ ಕಂಡುಹಿಡಿದರು ಅಂತ ನೋಡಬೇಕು. ಪುಸ್ತಕದಲ್ಲಿ "ಶೇ. 40 ಕಾರ್ಬನ್ ಇದೆ" ಅಂತ ಆರಾಮಾಗಿ ಕೊಟ್ಟುಬಿಡುತ್ತಾರೆ. ಅದರ ಹಿಂದೆ ಬೆಂಕಿ ಇದೆ.

ಜರ್ಮನಿಯ ಗೀಸೆನ್ ಎಂಬ ಊರಲ್ಲಿ ಯುಸ್ಟಸ್ ಲೀಬಿಗ್ ಅನ್ನುವ ಪ್ರೊಫೆಸರ್ ಇದ್ದರು. 1831ರಲ್ಲಿ ಅವರು ಐದು ಗುಂಡು ಬುರುಡೆಗಳಿರುವ ಒಂದು ಗಾಜಿನ ಸಾಧನ ಮಾಡಿದರು. ವಸ್ತುವನ್ನು ಪೂರ್ತಿ ಸುಡುವುದು. ಅದರ ಹೈಡ್ರೋಜನ್ ಎಲ್ಲ ನೀರಾವಿಯಾಗುತ್ತೆ, ಕಾರ್ಬನ್ ಎಲ್ಲ ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ನೀರಾವಿಯನ್ನು ಹೀರಲು ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಕೊಳವೆ. ಅದರ ಮುಂದೆ ಕಾರ್ಬನ್ ಡೈಆಕ್ಸೈಡ್ ಹಿಡಿಯಲು ಆ ಐದು ಬುರುಡೆಗಳಲ್ಲಿ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣ. ಸುಡುವ ಮೊದಲು ಒಮ್ಮೆ ತೂಕ, ಆಮೇಲೆ ಒಮ್ಮೆ ತೂಕ. ಹೆಚ್ಚಾದದ್ದೇ ಲೆಕ್ಕ.

1 ಗ್ರಾಂ ಗ್ಲೂಕೋಸ್ ಸುಟ್ಟರೆ 1.47 ಗ್ರಾಂ ಕಾರ್ಬನ್ ಡೈಆಕ್ಸೈಡ್, 0.6 ಗ್ರಾಂ ನೀರು ಸಿಗುತ್ತೆ. 44 ಗ್ರಾಂ ಕಾರ್ಬನ್ ಡೈಆಕ್ಸೈಡ್‌ನಲ್ಲಿ 12 ಗ್ರಾಂ ಕಾರ್ಬನ್. ಆ ಲೆಕ್ಕದಲ್ಲಿ 1.47 ಗ್ರಾಂನಲ್ಲಿ 0.4 ಗ್ರಾಂ. ಬಂತಲ್ಲ ಶೇ. 40? 18 ಗ್ರಾಂ ನೀರಲ್ಲಿ 2 ಗ್ರಾಂ ಹೈಡ್ರೋಜನ್. ಆ ಲೆಕ್ಕದಲ್ಲಿ 0.6 ಗ್ರಾಂನಲ್ಲಿ 0.067 ಗ್ರಾಂ. ಉಳಿದದ್ದು ಆಕ್ಸಿಜನ್.

ಆದರೆ 1 ಗ್ರಾಂ ಶುದ್ಧ ಅಸಿಟಿಕ್ ಆಸಿಡ್ ಸುಟ್ಟರೂ ಇಷ್ಟೇ ಸಿಗುತ್ತೆ. 1 ಗ್ರಾಂ ಲ್ಯಾಕ್ಟಿಕ್ ಆಸಿಡ್ ಸುಟ್ಟರೂ ಇಷ್ಟೇ. ಸುಟ್ಟಮೇಲೆ ಎಲ್ಲ ಒಂದೇ. ಇದ್ದದ್ದು ದೊಡ್ಡ ಮನೆಯೋ ಆರು ಗುಡಿಸಲೋ ಗೊತ್ತಾಗಲ್ಲ.

ಅಣುವಿನ ತೂಕ ಬೇಕು ಅಂದರೆ ಸುಡದೆ ಬೇರೆ ದಾರಿ ಹಿಡಿಯಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಫ್ರಾನ್ಸಿನ ರೌಲ್ ಒಂದು ಸೊಗಸಾದ ಉಪಾಯ ತೋರಿಸಿಕೊಟ್ಟರು. ನೀರಿಗೆ ಏನಾದರೂ ಕರಗಿಸಿದರೆ ಅದು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ, ಇನ್ನೂ ಕೆಳಗೆ ಹೋಗಬೇಕು. ಎಷ್ಟು ಕೆಳಗೆ ಅನ್ನೋದು ಎಷ್ಟು ಅಣು ಸೇರಿದವು ಅನ್ನುವುದರ ಮೇಲೆ ನಿಂತಿದೆ. ಯಾವ ಅಣು ಅನ್ನುವುದರ ಮೇಲಲ್ಲ. 1 ಕೆಜಿ ನೀರಿಗೆ 180 ಗ್ರಾಂ ಗ್ಲೂಕೋಸ್ ಹಾಕಿದರೂ, 342 ಗ್ರಾಂ ಸಕ್ಕರೆ ಹಾಕಿದರೂ ಹೆಪ್ಪುಗಟ್ಟುವ ಬಿಂದು ಇಳಿಯೋದು ಸುಮಾರು 1.86 ಡಿಗ್ರಿಯೇ. ಹಾಗಾದರೆ ಥರ್ಮಾಮೀಟರಿನಿಂದಲೇ ಅಣುಗಳನ್ನು ಎಣಿಸಿದ ಹಾಗಾಯ್ತು. ಎಷ್ಟು ಗ್ರಾಂ ಹಾಕಿದೆವು ಗೊತ್ತು, ಎಷ್ಟು ಅಣು ಗೊತ್ತು, ಒಂದರ ತೂಕ ತಾನಾಗೇ ಬಂತು.

ಈಗ ನಮ್ಮ ಲ್ಯಾಬುಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇದೆ. ಒಂದು ಚಿಟಿಕೆಯೂ ಬೇಡ, ಕಣ್ಣಿಗೆ ಕಾಣದಷ್ಟು ಸಾಕು, ಅಣುವಿನ ತೂಕ ಹೇಳುತ್ತೆ. ಆದರೂ ಎರಡು ಸಾಕ್ಷಿ ಬೇಕು ಅನ್ನುವ ಪದ್ಧತಿ ಹಾಗೇ ಉಳಿದಿದೆ. ಒಂದೇ ತೂಕದ ಬೇರೆ ಬೇರೆ ಅಣುಗಳಿವೆ, ಒಂದೇ ಅನುಪಾತದ ಬೇರೆ ಬೇರೆ ಅಣುಗಳೂ ಇವೆ. ಎರಡೂ ಕೂಡಿ ಹೇಳಿದಾಗಲೇ ಸೂತ್ರ ಗಟ್ಟಿ.

ಕಟ್ಟದ ಬೆಲ್ಲ

ಸಂಜೆ ಅಣ್ಣನ ಜೊತೆ ಆಲೆಮನೆ ಕಡೆ ಹೋದೆವು. ಹುಡುಗಿಯೂ ಬಂದಳು. ಆಲೆಮನೆ ನಮ್ಮದಲ್ಲ, ಪಕ್ಕದ ಹೊಲದವರದು. ಸರದಿ ಪ್ರಕಾರ ಎಲ್ಲರ ಕಬ್ಬೂ ಅಲ್ಲಿ ಅರೆಯುತ್ತೆ.

ಆಲೆಮನೆ ನೋಡದವರಿಗೆ ಹೇಳಬೇಕು ಅಂದರೆ, ಮೊದಲು ವಾಸನೆ ಬರುತ್ತೆ, ಆಮೇಲೆ ಹೊಗೆ ಕಾಣುತ್ತೆ, ಕೊನೆಗೆ ಆಲೆಮನೆ. ಒಂದು ಕಡೆ ಗಾಣ, ಕಬ್ಬು ಒಳಗೆ ಹೋಗಿ ಹಾಲು ಈ ಕಡೆ, ಸಿಪ್ಪೆ ಆ ಕಡೆ. ಒಣಗಿದ ಸಿಪ್ಪೆಯೇ ಒಲೆಗೆ ಸೌದೆ. ಮೇಲೆ ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತೆ. ಸ್ವಲ್ಪ ಸುಣ್ಣ ಹಾಕುತ್ತಾರೆ. ಕೆಲವರು ಬೆಂಡೆ ಗಿಡ ಜಜ್ಜಿ ಅದರ ಲೋಳೆ ಹಾಕಿ ಕಲ್ಮಶ ಮೇಲೆ ಬರಿಸಿ ತೆಗೆಯುತ್ತಾರೆ. 115 ಡಿಗ್ರಿ ಸೆಲ್ಸಿಯಸ್ ದಾಟಿ ಪಾಕ ಹದಕ್ಕೆ ಬಂದಾಗ ಇಳಿಸಿ, ಆರಲು ಬಿಟ್ಟು, ಅಚ್ಚಿಗೆ ಹಾಕುವುದು. ಹದ ನೋಡುವವರ ಕೈಯಲ್ಲಿ ಥರ್ಮಾಮೀಟರ್ ಇರಲ್ಲ. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಡಿದು ನೋಡುತ್ತಾರೆ, ಅಷ್ಟೇ.

ಮೂಲೆಯಲ್ಲಿ ಅಣ್ಣನ ಬೆಲ್ಲ ಇತ್ತು. ಬೆಲ್ಲ ಅನ್ನೋಕಾಗಲ್ಲ. ಅಚ್ಚಿನಿಂದ ತೆಗೆದರೆ ಮೂಲೆಗಳೆಲ್ಲ ಕುಸಿದು, ಮುಟ್ಟಿದರೆ ಕೈಗೆ ಅಂಟುತ್ತಿತ್ತು.

"ಕಬ್ಬು ಕಡಿಸಿದ್ ದಿನ ಸರದಿ ಸಿಕ್ನಿಲ್ಲ. ಕರೆಂಟೂ ಕೈ ಕೊಡ್ತು. ಕಡಿದ ಕಬ್ಬು ನಾಕ್ ದಿನ ಬಿಸಿಲಲ್ಲಿ ಬಿದ್ದಿತ್ತು. ಎಷ್ಟ್ ಕಾಯಿಸಿದ್ರೂ ಕಟ್ನಿಲ್ಲ ಕಣವ್ವ. ನೋಡಿದ ವ್ಯಾಪಾರಿ ಅರ್ಧ ರೇಟು ಅಂದ."

ಎರಡು ಎಕರೆ ಕಬ್ಬಿನಲ್ಲಿ ಒಂದು ಕೊಪ್ಪರಿಗೆ ಕೆಟ್ಟರೆ ಎಷ್ಟು ಅಂತ ಅವನು ಹೇಳಲಿಲ್ಲ. ಆದರೆ ಮಗಳ ಹಾಸ್ಟೆಲ್ ಫೀಸಿನ ಮಾತು ಬಂದಾಗಲೆಲ್ಲ ಅವನು ಬೇರೆ ಕಡೆ ನೋಡುತ್ತಿದ್ದ. ಅವಳು ಸೈನ್ಸ್ ಬಿಡ್ತೀನಿ ಅಂದಿದ್ದಕ್ಕೆ ಬರೀ ಫೇಲಾದದ್ದು ಕಾರಣ ಅಲ್ಲ ಅಂತ ನನಗೆ ಅಲ್ಲಿ ಗೊತ್ತಾಯ್ತು.

ಆ 0.09 ಎಲ್ಲಿಂದ ಬಂತು

ರಾತ್ರಿ ಊಟ ಆದಮೇಲೆ ಅವಳಿಗೆ ಇನ್ನೊಂದು ಲೆಕ್ಕ ಕೊಟ್ಟೆ. ಅಡುಗೆಮನೆಯ ಸಕ್ಕರೆ ಡಬ್ಬ ತಂದು ಮುಂದಿಟ್ಟೆ.

"ಇದರಲ್ಲಿ ಕಾರ್ಬನ್ ಶೇ. 42.1, ಹೈಡ್ರೋಜನ್ ಶೇ. 6.4, ಆಕ್ಸಿಜನ್ ಶೇ. 51.5. ಮೋಲಾರ್ ತೂಕ 342. ಸೂತ್ರ ಏನು?"

ಈ ಸಲ ಚಕಚಕ ಮಾಡಿದಳು. 42.1ನ್ನು 12ರಿಂದ ಭಾಗಿಸಿ 3.51. ಹೈಡ್ರೋಜನ್ 6.4. 51.5ನ್ನು 16ರಿಂದ ಭಾಗಿಸಿ 3.22. ಎಲ್ಲವನ್ನೂ 3.22ರಿಂದ ಭಾಗಿಸಿದಳು. 1.09, 1.99, 1.

ಪೆನ್ನು ನಿಂತಿತು.

"ಅತ್ತೆ, 1.09 ಅಂದ್ರೆ 1 ತಾನೇ?"

"ನೀನೇ ಮಾಡಿ ನೋಡು."

1 ಅಂತ ಬರೆದಳು. ಮತ್ತೆ ಸಿಎಚ್₂ಒ. ತೂಕ 30. 342ನ್ನು 30ರಿಂದ ಭಾಗಿಸಿದಳು. 11.4. ಆರರ ಹಾಗೆ ಪೂರ್ಣ ಸಂಖ್ಯೆ ಬರಲಿಲ್ಲ. "ಇದನ್ನೂ 11 ಮಾಡ್ಲಾ?" ಅಂತ ನನ್ನ ಮುಖ ನೋಡಿದಳು.

ಮೊದಲ ಸಲ ದುಂಡು ಮಾಡಿದ ತಪ್ಪನ್ನು ಮುಚ್ಚೋಕೆ ಎರಡನೇ ಸಲ ದುಂಡು ಮಾಡೋದು. ನಮ್ಮ ಲ್ಯಾಬಿನಲ್ಲಿ ಹೊಸಬರು ಮಾಡುವ ತಪ್ಪೂ ಇದೇ.

"1.09ನ್ನ ಯಾವ ಸಂಖ್ಯೆಯಿಂದ ಗುಣಿಸಿದ್ರೆ ಪೂರ್ಣ ಸಂಖ್ಯೆ ಹತ್ತಿರ ಬರುತ್ತೆ, ಒಂದೊಂದೇ ನೋಡ್ಕೊಂಡು ಹೋಗು" ಅಂದೆ. 2ರಿಂದ 2.18. 3ರಿಂದ 3.27. ಬೇಜಾರಾಗುತ್ತಾ ಬಂತು. 10ರಿಂದ 10.9. 11ರಿಂದ 11.99!

12. ಹೈಡ್ರೋಜನ್ 22. ಆಕ್ಸಿಜನ್ 11. ಸಿ₁₂ಎಚ್₂₂ಒ₁₁. ಇದರ ತೂಕ ಕೂಡಿದರೆ 144, 22, 176. ಒಟ್ಟು 342. ಕೊಟ್ಟ ತೂಕವೂ 342. ಇಲ್ಲಿ ಎಂಪಿರಿಕಲ್ ಫಾರ್ಮುಲಾ, ಮಾಲಿಕ್ಯುಲರ್ ಫಾರ್ಮುಲಾ ಎರಡೂ ಒಂದೇ. ಇದು ಸುಕ್ರೋಸ್, ನಮ್ಮ ಸಕ್ಕರೆ, ಕಬ್ಬಿನ ಸಿಹಿ.

"ಅಲ್ಲಾ ಅತ್ತೆ, ಬರೀ 0.09ಕ್ಕೆ ಇಷ್ಟೊಂದಾ?"

"ಆ 0.09 ಏನು ಅಂತ ನಿಮ್ಮಪ್ಪನ ಬೆಲ್ಲದಲ್ಲಿ ನೋಡಿದ್ಯಲ್ಲ ಸಂಜೆ" ಅಂದೆ.

ಅಣ್ಣ ಬಾಗಿಲ ಹತ್ತಿರ ಕೂತಿದ್ದವನು ತಿರುಗಿ ನೋಡಿದ.

ಪೆನ್ನು ತಗೊಂಡು ಬರೆದೆ. ಸಿ₁₂ಎಚ್₂₂ಒ₁₁. ಪಕ್ಕದಲ್ಲಿ ಒಂದು ನೀರಿನ ಅಣು, ಎಚ್₂ಒ. ಎರಡನ್ನೂ ಕೂಡಿದರೆ ಕಾರ್ಬನ್ 12, ಹೈಡ್ರೋಜನ್ 24, ಆಕ್ಸಿಜನ್ 12. ಈಗ ಅನುಪಾತ ಸರಿಯಾಗಿ 1, 2, 1. ಇದನ್ನು ಎರಡು ಪಾಲು ಮಾಡಿದರೆ ಎರಡು ಸಿ₆ಎಚ್₁₂ಒ₆. ಒಂದು ಗ್ಲೂಕೋಸ್, ಇನ್ನೊಂದು ಫ್ರಕ್ಟೋಸ್. ಎರಡರ ಸೂತ್ರ ಒಂದೇ, ಜೋಡಣೆ ಬೇರೆ, ಅದು ಇನ್ನೊಂದು ದಿನದ ಪಾಠ.

ಅಂದರೆ 1.09 ಅನ್ನೋದು ಸಕ್ಕರೆ ಇನ್ನೂ ಒಡೆದಿಲ್ಲ ಅನ್ನುವುದರ ಗುರುತು. ಅದಕ್ಕೆ ನೀರು ಸೇರಿ ಒಡೆದರೆ 1.09 ಹೋಗಿ 1 ಆಗುತ್ತೆ. 1.09ನ್ನು 1 ಅಂತ ಬರೆದಾಗ ನಾವು ಪೇಪರಿನ ಮೇಲೆ ಸಕ್ಕರೆಯನ್ನು ಒಡೆದುಬಿಟ್ಟೆವು.

ಕಬ್ಬಿನಲ್ಲೂ ಆಗೋದು ಅದೇ. ಕಡಿದು ಬಿಟ್ಟ ಕಬ್ಬಿನಲ್ಲಿ ಅದರದೇ ಕಿಣ್ವ, ಕೊಯ್ದ ಬಾಯಿಯಿಂದ ಸೇರುವ ಸೂಕ್ಷ್ಮಜೀವಿಗಳು, ಹಾಲಿನ ಹುಳಿ, ಎಲ್ಲ ಸೇರಿ ಸುಕ್ರೋಸನ್ನು ಒಡೆಯುತ್ತಾ ಹೋಗುತ್ತವೆ. ಬಿಸಿಲು ಜಾಸ್ತಿಯಾದಷ್ಟೂ ಬೇಗ. 1 ಕೆಜಿ ಸುಕ್ರೋಸ್ ಪೂರ್ತಿ ಒಡೆಯಲು ಬೇಕಾದ ನೀರು ಸುಮಾರು 53 ಗ್ರಾಂ, ಅರ್ಧ ಲೋಟವೂ ಅಲ್ಲ. ಕಬ್ಬಿನ ಹಾಲಿನಲ್ಲಿ ನೀರಿಗೇನು ಬರ. ಸುಕ್ರೋಸ್ ಹರಳು ಕಟ್ಟುತ್ತೆ, ಅದಕ್ಕೇ ಬೆಲ್ಲ ನಿಲ್ಲೋದು. ಗ್ಲೂಕೋಸ್, ಫ್ರಕ್ಟೋಸ್ ಜಾಸ್ತಿಯಾದರೆ ಹರಳು ಕಟ್ಟೋಕೆ ಅಡ್ಡಿ. ಅದರಲ್ಲೂ ಫ್ರಕ್ಟೋಸ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತೆ. ಬೆಲ್ಲ ಅಂಟುತ್ತೆ, ಕುಸಿಯುತ್ತೆ, ಬೇಗ ಹುಳಿಯಾಗುತ್ತೆ.

"ಅದ್ಕೇ ಸುಣ್ಣ ಹಾಕೋದಾ?" ಅಣ್ಣ ಕೇಳಿದ.

ಅದಕ್ಕೇ. ಕಬ್ಬಿನ ಹಾಲು ಸ್ವಭಾವತಃ ಸ್ವಲ್ಪ ಹುಳಿ. ಹುಳಿ ಇದ್ದು ಕುದಿಸಿದರೆ ಸುಕ್ರೋಸ್ ಇನ್ನೂ ಬೇಗ ಒಡೆಯುತ್ತೆ. ಸುಣ್ಣ ಆ ಹುಳಿಯನ್ನು ಮುರಿಯುತ್ತೆ. ಜೊತೆಗೆ ಕಲ್ಮಶವೂ ಕಟ್ಟಿಕೊಂಡು ಮೇಲೆ ಬರುತ್ತೆ. ಆದರೆ ನಾಲ್ಕು ದಿನ ಬಿಸಿಲಲ್ಲಿ ಬಿದ್ದು ಒಡೆದುಹೋದ ಸಕ್ಕರೆಯನ್ನು ಸುಣ್ಣ ಮತ್ತೆ ಜೋಡಿಸಲ್ಲ. ಎಷ್ಟು ಕಾಯಿಸಿದರೂ ಜೋಡಿಸಲ್ಲ.

"ಅಪ್ಪ ಯಾವಾಗ್ಲೂ ಹೇಳೋರು. ಕಡಿದ ಕಬ್ಬು ರಾತ್ರಿ ಕಳೀಬಾರ್ದು ಅಂತ" ಅಂದ ಅಣ್ಣ.

ಅಪ್ಪನಿಗೆ ಸೂತ್ರ ಗೊತ್ತಿರಲಿಲ್ಲ. ಲೆಕ್ಕ ಗೊತ್ತಿತ್ತು.

ನಮ್ಮ ಜಿಲ್ಲೆಯ ಬದುಕೇ ಈ ಲೆಕ್ಕದ ಮೇಲೆ ನಿಂತಿದೆ. ಮಂಡ್ಯದ ಮೈಷುಗರ್ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ, ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅದಕ್ಕಾಗಿ ಓಡಾಡಿದವರು. ಅವತ್ತಿಂದ ಇವತ್ತಿನವರೆಗೂ ಕಾರ್ಖಾನೆಗಳಿಗೆ ಬೇಕಾದದ್ದು ಹರಳು ಕಟ್ಟುವ ಸುಕ್ರೋಸ್. ಒಡೆದ ಸಕ್ಕರೆ ಕಾಕಂಬಿಯ ಪಾಲು. ಕೇಂದ್ರ ಸರ್ಕಾರ ಕಬ್ಬಿನ ದರ ಗೊತ್ತು ಮಾಡುವಾಗಲೂ ಇಳುವರಿ ಶೇಕಡಾ ಎಷ್ಟು ಅಂತ ಹೇಳಿಯೇ ದರ ಹೇಳುತ್ತೆ. 2024-25ರ ಹಂಗಾಮಿಗೆ ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ. ಆ ಪಾಯಿಂಟಿನ ಮುಂದಿನ 25ನ್ನು ಯಾರೂ ದುಂಡು ಮಾಡಲ್ಲ.

ಯಾವಾಗ ದುಂಡು ಮಾಡಬಹುದು

"ಹಂಗಾದ್ರೆ ಮಧ್ಯಾಹ್ನ 2.01ನ್ನ 2 ಮಾಡಿದ್ವಲ್ಲ?" ಹುಡುಗಿ ಬಿಡಲಿಲ್ಲ. ಸೈನ್ಸ್ ಬಿಡ್ತೀನಿ ಅಂದವಳ ಪ್ರಶ್ನೆ ಇದು!

ಅಳತೆಯಲ್ಲಿ ಅಷ್ಟೋ ಇಷ್ಟೋ ಹೆಚ್ಚುಕಮ್ಮಿ ಇದ್ದೇ ಇರುತ್ತೆ. 2.01, 0.99, 1.98, ಇವನ್ನು ಹತ್ತಿರದ ಪೂರ್ಣ ಸಂಖ್ಯೆಗೆ ತರಬಹುದು. 1.5 ಬಂದರೆ 2 ಮಾಡಬಾರದು, ಎಲ್ಲವನ್ನೂ 2ರಿಂದ ಗುಣಿಸಬೇಕು. 1.33 ಅಥವಾ 1.67 ಬಂದರೆ 3ರಿಂದ. 1.25 ಬಂದರೆ 4ರಿಂದ. ಪಿಯುಸಿ ಲೆಕ್ಕಗಳಲ್ಲಿ ಹೆಚ್ಚಾಗಿ ಬರೋದು ಇಷ್ಟೇ.

ಇನ್ನು 1.09 ಅಂಥವು ಬಂದಾಗ ಹಿಂದಕ್ಕೆ ಹೋಗಿ ನೋಡಬೇಕು. ಸಂಶೋಧಕರು ಹೊಸ ವಸ್ತು ಮಾಡಿ ಅದರ ಶೇಕಡಾ ಲೆಕ್ಕ ಪ್ರಕಟಿಸುವಾಗ, ಅಳೆದದ್ದಕ್ಕೂ ಸೂತ್ರದ ಲೆಕ್ಕಕ್ಕೂ 0.4ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುವ ರೂಢಿ ಇದೆ. ಸಕ್ಕರೆಯಲ್ಲಿ ಕಾರ್ಬನ್ ಶೇ. 42.1. ಸಿಎಚ್₂ಒ ಆಗಿದ್ದರೆ ಶೇ. 40 ಇರಬೇಕಿತ್ತು. ವ್ಯತ್ಯಾಸ 2.1. ಅಳತೆಯ ಹೆಚ್ಚುಕಮ್ಮಿ ಅಷ್ಟೊಂದು ಇರಲ್ಲ. ಅನುಪಾತದಲ್ಲಿ ಸಣ್ಣದಾಗಿ ಕಂಡದ್ದು ಶೇಕಡಾದಲ್ಲಿ ದೊಡ್ಡದಾಗಿ ಕಾಣುತ್ತೆ. ಕೊನೆಯಲ್ಲಿ 11.4 ಬಂದದ್ದು ಕೂಡ "ಎಲ್ಲೋ ತಪ್ಪಿದೆ, ವಾಪಸ್ ಹೋಗು" ಅನ್ನೋ ಎಚ್ಚರಿಕೆಯೇ.

ಅಣ್ಣ ಎದ್ದು ಒಳಗೆ ಹೋದ. ಹುಡುಗಿ ಪೆನ್ನಿನ ಮುಚ್ಚಳ ತೆಗೆಯೋದು ಹಾಕೋದು ಮಾಡುತ್ತಾ ಕೂತಿದ್ದಳು.

"ನಿಂಗೇನತ್ತೆ, ನೀನು ಮೊದಲಿಂದ್ಲೂ ಬುದ್ಧಿವಂತೆ. ಹಿಂಗೆ ಫೇಲಾದೋರ್ ಕಷ್ಟ ನಿಂಗೇನ್ ಗೊತ್ತು."

ಇಪ್ಪತ್ತು ವರ್ಷದಿಂದ ಮನೆಯಲ್ಲಿ ಯಾರಿಗೂ ಹೇಳದ ಮಾತನ್ನು ಆಗ ಹೇಳಿದೆ. ಮೊದಲ ಪಿಯುಸಿಯಲ್ಲಿ ನಾನೂ ಕೆಮಿಸ್ಟ್ರಿಯಲ್ಲಿ ಫೇಲ್. ಪೂರಕ ಪರೀಕ್ಷೆ ಬರೆದೇ ಪಾಸಾದದ್ದು. ಗೊತ್ತಿದ್ದದ್ದು ಅವ್ವನಿಗೆ ಮಾತ್ರ. ಅಪ್ಪನಿಗೆ "ಮಾರ್ಕ್ಸ್ ಸ್ವಲ್ಪ ಕಮ್ಮಿ ಬಂದದೆ" ಅಂತ ಹೇಳಿ ಮುಚ್ಚಿಹಾಕಿದ್ದಳು. ಅದೂ ಒಂಥರಾ ದುಂಡು ಮಾಡಿದ್ದೇ. ಆಮೇಲೆ ಊರಿಗೆ ಊರೇ ನನ್ನನ್ನು ಬುದ್ಧಿವಂತೆ ಅಂತ ಲೆಕ್ಕ ಹಾಕಿಕೊಂಡಿತು, ನಾನೂ ತಿದ್ದಲಿಲ್ಲ. ತಿದ್ದಿದ್ದರೆ ಈ ಹುಡುಗಿ ಇಷ್ಟು ದಿನ ರೂಮಿನ ಬಾಗಿಲು ಹಾಕಿಕೊಂಡು ಕೂರುತ್ತಿರಲಿಲ್ಲವೇನೋ.

ಅವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪಂಗೆ ಹೇಳ್ಲಾ?" ಅಂದಳು.

"ಹೇಳು" ಅಂದೆ. ಒಳಗಿಂದ ಅಣ್ಣನ ನಗು ಕೇಳಿಸಿತು. ಕೇಳಿಸಿಕೊಂಡೇ ಇದ್ದ.

ಕೊನೆಗೆ ಏನಾಯ್ತು

ಭಾನುವಾರ ಬೆಂಗಳೂರು ಬಸ್ ಹತ್ತುವಾಗ ಅಣ್ಣ ಒಂದು ಡಬ್ಬ ಕೊಟ್ಟ. ಆ ಕಟ್ಟದ ಬೆಲ್ಲವನ್ನೇ ಕರಗಿಸಿ, ಸೋಸಿ, ಜೋನಿ ಬೆಲ್ಲ ಮಾಡಿದ್ದರು ಅತ್ತಿಗೆ. ಅಚ್ಚು ಬೆಲ್ಲ ಆಗಲು ಅಡ್ಡಿಯಾದ ಒಡೆದ ಸಕ್ಕರೆಯೇ ಜೋನಿ ಬೆಲ್ಲಕ್ಕೆ ಒಳ್ಳೇದು, ಹರಳು ಕಟ್ಟದೆ ನುಣುಪಾಗಿರುತ್ತೆ. ಎಲ್ಲ ನಷ್ಟವೂ ಅದರಿಂದ ತುಂಬಲ್ಲ. ಆದರೂ ದೋಸೆಗೆ ಚೆನ್ನಾಗಿರುತ್ತೆ. ಮುಂದಿನ ಸಲ ಆಲೆಮನೆ ಸರದಿ ಗಟ್ಟಿಯಾದ ಮೇಲೆಯೇ ಕಬ್ಬಿಗೆ ಕುಡುಗೋಲು ಅಂತ ಅಣ್ಣ ತೀರ್ಮಾನ ಮಾಡಿದ್ದಾನೆ. ಹಾಸ್ಟೆಲ್ ಫೀಸಿನ ಅರ್ಧ ನಾನು ಕಟ್ಟುತ್ತೇನೆ ಅಂದಾಗ ಬೇಡ ಅನ್ನಲಿಲ್ಲ. ಅವನ ಮಟ್ಟಿಗೆ ಅದು ದೊಡ್ಡ ಮಾತು.

ಪೂರಕ ಪರೀಕ್ಷೆಯ ದಿನ ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದೆ. ಫೋನ್ ಹೊರಗೆ ಲಾಕರ್‌ನಲ್ಲಿ. ಮೂರು ಗಂಟೆಗೆ ತೆಗೆದು ನೋಡಿದರೆ ಅವಳ ವಾಯ್ಸ್ ಮೆಸೇಜ್. ಹಿಂದೆ ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನ ಗಲಾಟೆ.

"ಅತ್ತೇ, ಕಬ್ಬಿಣದ ಆಕ್ಸೈಡ್ ಲೆಕ್ಕ ಬಂದಿತ್ತು. ಕಬ್ಬಿಣ 69.9, ಆಕ್ಸಿಜನ್ 30.1. ಭಾಗಿಸಿದ್ರೆ 1, ಆಮೇಲೆ 1.5. ದುಂಡು ಮಾಡ್ನಿಲ್ಲ. ಎರಡರಿಂದ ಗುಣಿಸ್ದೆ. ಕಬ್ಬಿಣ ಎರಡು, ಆಕ್ಸಿಜನ್ ಮೂರು. ತುಕ್ಕು ಅಲ್ವಾ ಅದು? ಬಸ್ ಬಂತು, ಆಮೇಲ್ ಮಾಡ್ತೀನಿ."

ರಿಸಲ್ಟ್ ಇನ್ನೂ ಬಂದಿಲ್ಲ. ಬಂದಮೇಲೆ ಎಷ್ಟು ಬಂತೋ ಅಷ್ಟೇ ಹೇಳಬೇಕು ಅಂತ ಮನೆಯಲ್ಲಿ ಮಾತಾಗಿದೆ, ಒಂದು ಅಂಕ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.